ತೇಪೆಯೂ ಸಾಕ್ಷ್ಯ: ಹಳೆಯ ಟೆಲಿಫೋನ್ ಸ್ವಿಚ್‌ಬೋರ್ಡುಗಳ ಕಾಲನಿರ್ಣಯ ಮತ್ತು ದುರಸ್ತಿಯ ಬಗ್ಗೆ ಒಂದು ಟಿಪ್ಪಣಿ

ಹಳೆಯ ಟೆಲಿಫೋನ್ ಸ್ವಿಚ್‌ಬೋರ್ಡೊಂದು ಕೈಗೆ ಸಿಕ್ಕಾಗ ಎಲ್ಲರ ಕಣ್ಣೂ ಮೊದಲು ಹೋಗುವುದು ಅದರ ಹಿತ್ತಾಳೆ ಫಲಕದ ಕಡೆಗೆ. ಕಂಪನಿಯ ಹೆಸರು, ಊರಿನ ಹೆಸರು, ಅದೃಷ್ಟವಿದ್ದರೆ ಒಂದು ಸಂಖ್ಯೆ. ಅಷ್ಟನ್ನು ಓದಿಕೊಂಡು ‘ಇಂಥ ಇಸವಿಯದು’ ಎಂದು ಚೀಟಿ ಅಂಟಿಸಿಬಿಡುತ್ತೇವೆ. ಈ ಟಿಪ್ಪಣಿಗೆ ಕಾರಣ ಆ ಚೀಟಿ. ಸ್ವಿಚ್‌ಬೋರ್ಡು ಒಂದು ಇಸವಿಯಲ್ಲಿ ಹುಟ್ಟಿ ಅಲ್ಲೇ ನಿಂತುಹೋದ ವಸ್ತುವಲ್ಲ. ಮೂವತ್ತು ನಲವತ್ತು ವರ್ಷ ಹಗಲಿರುಳು ದುಡಿದು, ಹತ್ತಾರು ಕೈಗಳಲ್ಲಿ ರಿಪೇರಿಯಾಗಿ, ಭಾಗಗಳನ್ನು ಬದಲಾಯಿಸಿಕೊಳ್ಳುತ್ತ ಬಂದದ್ದು. ಅದರ ತೇಪೆಗಳನ್ನು ಕಿತ್ತುಹಾಕಿ ‘ಮೂಲರೂಪ’ಕ್ಕೆ ತರುವ ಉತ್ಸಾಹದಲ್ಲಿ ಅದರ ಚರಿತ್ರೆಯ ಬಹುಪಾಲನ್ನು ನಾವೇ ಅಳಿಸುತ್ತಿದ್ದೇವೆ ಎಂಬುದು ನನ್ನ ವಾದ.

ವಾದಕ್ಕೆ ಇಳಿಯುವ ಮೊದಲು ನನ್ನದೇ ತಪ್ಪೊಂದನ್ನು ದಾಖಲಿಸಬೇಕು. ಹಲವು ವರ್ಷಗಳ ಹಿಂದೆ ಒಂದು ಸಣ್ಣ ಮ್ಯಾಗ್ನೆಟೋ ಬೋರ್ಡನ್ನು ಶುಚಿ ಮಾಡಲು ಕುಳಿತಿದ್ದೆ. ಜ್ಯಾಕುಗಳ ಸಾಲಿನ ಮೇಲೆ ಉದ್ದಕ್ಕೆ ಒಂದು ಹೆಸರುಪಟ್ಟಿ, ಅದರ ಮೇಲೆ ಎಣ್ಣೆಜಿಡ್ಡು ಮತ್ತು ಧೂಳು. ಅರಿವೆಗೆ ಒಂದಿಷ್ಟು ಸ್ಪಿರಿಟ್ ಹಾಕಿ ಒರೆಸಿದೆ. ಅರಿವೆ ನೇರಳೆ ಬಣ್ಣಕ್ಕೆ ತಿರುಗಿತು. ಜಿಡ್ಡಿನ ಕೆಳಗೆ ಕಾಪಿಯಿಂಗ್ ಪೆನ್ಸಿಲಿನಲ್ಲಿ ಬರೆದ ಅಕ್ಷರಗಳಿದ್ದವು. ಹಿಂದೆ ಸರ್ಕಾರಿ ಕಚೇರಿಗಳಲ್ಲೆಲ್ಲ ಬಳಕೆಯಲ್ಲಿದ್ದ ಆ ಪೆನ್ಸಿಲಿನ ಬಣ್ಣ ನೀರಿಗೂ ಕರಗುತ್ತದೆ, ಸ್ಪಿರಿಟ್ಟಿಗೂ ಕರಗುತ್ತದೆ. ಯಾವ ಸಾಲು ಯಾರ ಮನೆಗೆ, ಯಾವ ಕಚೇರಿಗೆ ಹೋಗುತ್ತಿತ್ತು ಎಂಬ ವಿವರ ಒಂದು ನಿಮಿಷದೊಳಗೆ ನನ್ನ ಕೈಯಲ್ಲಿದ್ದ ಅರಿವೆಗೆ ಹೋಯಿತು. ಫಲಕ ಮಾತ್ರ ಚೆನ್ನಾಗಿ ಹೊಳೆಯುತ್ತಿತ್ತು.

ಫಲಕದಿಂದ ಪ್ರಯೋಜನವಿಲ್ಲವೆಂದಲ್ಲ. ಅದು ಕಾಲದ ಒಂದು ತುದಿಯನ್ನು ಗಟ್ಟಿಯಾಗಿ ಹಿಡಿದುಕೊಡುತ್ತದೆ. ‘ಬ್ರಿಟಿಷ್ ಎಲ್. ಎಂ. ಎರಿಕ್ಸನ್’ ಎಂದಿದ್ದರೆ ಅದು ನಾಟಿಂಗ್‌ಹ್ಯಾಮ್ ಬಳಿಯ ಬೀಸ್ಟನ್ ಕಾರ್ಖಾನೆಯದು, 1903ರಿಂದ 1926ರ ನಡುವಿನದು. ‘ಎರಿಕ್ಸನ್ ಟೆಲಿಫೋನ್ಸ್ ಲಿಮಿಟೆಡ್’ ಎಂದಿದ್ದರೆ 1926ರ ನಂತರದ್ದು. ‘ಸ್ಟ್ಯಾಂಡರ್ಡ್ ಟೆಲಿಫೋನ್ಸ್ ಅಂಡ್ ಕೇಬಲ್ಸ್’ ಎಂಬ ಹೆಸರು ಹುಟ್ಟಿದ್ದೇ 1925ರಲ್ಲಿ. ಅದಕ್ಕೂ ಮೊದಲು ಅದು ವೆಸ್ಟರ್ನ್ ಎಲೆಕ್ಟ್ರಿಕ್‌ನ ಲಂಡನ್ ಶಾಖೆಯಾಗಿತ್ತು. ಶಿಕಾಗೋದ ಕೆಲಾಗ್ ಕಂಪನಿಯ ಬೋರ್ಡು 1897ಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ. ಬೆಲ್‌ನ ಪೇಟೆಂಟ್‌ಗಳ ಅವಧಿ 1893–94ರಲ್ಲಿ ಮುಗಿದ ಮೇಲೆಯೇ ಅಮೆರಿಕದಲ್ಲಿ ಇಂಥ ಸ್ವತಂತ್ರ ಕಂಪನಿಗಳು ತಲೆಯೆತ್ತಿದ್ದು. ಅಮೆರಿಕದ ಭಾಗಗಳಲ್ಲಿ ಇನ್ನೊಂದು ಸುಳಿವೂ ಇದೆ. 1927ರ ಕಾನೂನಿಗೆ ಮೊದಲು ವಸ್ತುಗಳ ಮೇಲೆ ಪೇಟೆಂಟಿನ ತಾರೀಖನ್ನು ಅಚ್ಚೊತ್ತುತ್ತಿದ್ದರು, ಆಮೇಲೆ ಪೇಟೆಂಟಿನ ಸಂಖ್ಯೆಯನ್ನು. ತಾರೀಖನ್ನು ನೋಡಿ ಅದೇ ತಯಾರಾದ ದಿನವೆಂದು ಬಗೆಯುವವರು ಬಹಳ. ಅದು ಮೇಲ್ಮಿತಿಯಲ್ಲ, ಕೆಳಮಿತಿ: ವಸ್ತು ಆ ದಿನಕ್ಕಿಂತ ಹಿಂದಿನದಲ್ಲ, ಅಷ್ಟೇ. 1901ರ ತಾರೀಖಿರುವ ಭಾಗವನ್ನು 1915ರಲ್ಲೂ ಅದೇ ಅಚ್ಚಿನಿಂದ ಎರಕ ಹೊಯ್ದಿರಬಹುದು.

ನಮ್ಮ ಗ್ರಂಥಸಂಪಾದಕರಿಗೆ ಇದು ಪರಿಚಿತ ಸಮಸ್ಯೆ. ಓಲೆಗರಿಯ ಕೊನೆಯಲ್ಲಿ ಲಿಪಿಕಾರ ಬರೆದ ಸಂವತ್ಸರ ಆ ಪ್ರತಿಯ ಕಾಲ, ಕಾವ್ಯದ ಕಾಲವಲ್ಲ. ಅಂಚಿನಲ್ಲಿ ಬೇರೆ ಕೈಯವರು ಮಾಡಿದ ತಿದ್ದುಪಡಿ ಮತ್ತೊಂದು ಕಾಲದ್ದು. ಒಳ್ಳೆಯ ಸಂಪಾದಕ ಆ ತಿದ್ದುಪಡಿಯನ್ನು ಪಾಠದಿಂದ ಬಿಟ್ಟಾನು, ಆದರೆ ಅಡಿಟಿಪ್ಪಣಿಯಿಂದ ಬಿಡಲಾರ. ಸ್ವಿಚ್‌ಬೋರ್ಡಿಗೂ ಅಂಥ ಅಡಿಟಿಪ್ಪಣಿ ಬೇಕು.

ತೇಪೆ ಎಂಬುದು ಈ ಯಂತ್ರದ ಹುಟ್ಟಿನಲ್ಲೇ ಇದೆ. ಜಗತ್ತಿನ ಮೊದಲ ವಾಣಿಜ್ಯ ಟೆಲಿಫೋನ್ ಎಕ್ಸ್‌ಚೇಂಜ್ 1878ರ ಜನವರಿ 28ರಂದು ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದ ನ್ಯೂ ಹೇವನ್‌ನಲ್ಲಿ, ಬೋರ್ಡ್‌ಮನ್ ಕಟ್ಟಡದಲ್ಲಿ ತೆರೆಯಿತು. ಅದರ ಬೋರ್ಡನ್ನು ಕಟ್ಟಿದವನು ಜಾರ್ಜ್ ಕಾಯ್. ಚಂದಾದಾರರು 21, ಸಾಲುಗಳು 8, ಒಂದೇ ಹೊತ್ತಿಗೆ ನಡೆಯಬಹುದಾಗಿದ್ದ ಮಾತುಕತೆ ಎರಡು. ಬೋರ್ಡಿಗೆ ಬಳಸಿದ್ದು ಗಾಡಿಗೆ ಹಾಕುವ ಬೋಲ್ಟು, ಟೀ ಪಾತ್ರೆಯ ಮುಚ್ಚಳದ ಹಿಡಿಗಳು, ಹೆಂಗಸರ ಲಂಗದೊಳಗೆ ಉಬ್ಬಿಗಾಗಿ ಕೊಡುತ್ತಿದ್ದ ತಂತಿ. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಭಾಗಗಳು ಆಗ ಇರಲೇ ಇಲ್ಲ, ಇದ್ದುದರಲ್ಲೇ ಹೊಂದಿಸಿಕೊಂಡದ್ದು. ತಿಂಗಳು ತುಂಬುವ ಮೊದಲೇ, ಫೆಬ್ರವರಿ 21ಕ್ಕೆ, 50 ಹೆಸರುಗಳ ಒಂದು ಹಾಳೆಯ ಡೈರೆಕ್ಟರಿ ಹೊರಬಂತು. ಅದರಲ್ಲಿ ನಂಬರುಗಳಿರಲಿಲ್ಲ, ಹೆಸರು ಹೇಳಿದರೆ ಆಪರೇಟರ್ ಜೋಡಿಸುತ್ತಿದ್ದ. ಆ ಕಟ್ಟಡ ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂದು ಘೋಷಣೆಯಾಗಿದ್ದರೂ 1973ರಲ್ಲಿ ನೆಲಸಮವಾಯಿತು. ಆ ಹಾಳೆ ಉಳಿದು ಕಟ್ಟಡ ಅಳಿದದ್ದನ್ನು ನೆನೆದಾಗಲೆಲ್ಲ, ನಮ್ಮ ಕೈಯಲ್ಲಿರುವ ಹೆಸರುಪಟ್ಟಿಗಳ ಬೆಲೆ ನನಗೆ ಇನ್ನಷ್ಟು ಹೆಚ್ಚಾಗಿ ಕಾಣುತ್ತದೆ.

ಕಾಯ್‌ನ ಬೋರ್ಡಿನಲ್ಲಿ ಇದ್ದದ್ದು ತಿರುಗಿಸುವ ಹಿಡಿಗಳು. ಇಂದು ನಾವು ಸ್ವಿಚ್‌ಬೋರ್ಡು ಎಂದೊಡನೆ ಕಣ್ಣಮುಂದೆ ತಂದುಕೊಳ್ಳುವ ಪ್ಲಗ್ಗು ಮತ್ತು ಜ್ಯಾಕು ಅಲ್ಲಿರಲಿಲ್ಲ. ಅವು ಬಂದದ್ದು ವೆಸ್ಟರ್ನ್ ಎಲೆಕ್ಟ್ರಿಕ್‌ನ ಚಾರ್ಲ್ಸ್ ಸ್ಕ್ರಿಬ್ನರ್‌ನಿಂದ. ಅವನ ಸ್ವಿಚ್ಚಿನ ಆಕಾರ ಮಡಚುವ ಚಾಕುವಿನಂತಿತ್ತು. ಇಂಗ್ಲಿಷಿನಲ್ಲಿ ಜ್ಯಾಕ್‌ನೈಫ್ ಎನ್ನುವ ಆ ಚಾಕುವಿನ ಹೆಸರೇ ತುಂಡಾಗಿ ‘ಜ್ಯಾಕ್’ ಎಂದು ಉಳಿಯಿತು. ಪ್ಲಗ್ಗಿನಲ್ಲಿ ಮೂರು ಭಾಗ: ತುದಿಯ ಟಿಪ್, ನಡುವಿನ ರಿಂಗ್, ಬುಡದ ಸ್ಲೀವ್. ಟಿಪ್ ಮತ್ತು ರಿಂಗ್ ಮಾತನ್ನು ಒಯ್ಯುತ್ತವೆ. ಸ್ಲೀವ್‌ನದು ಬೇರೆ ಕೆಲಸ, ಅದಕ್ಕೆ ಮುಂದೆ ಬರುತ್ತೇನೆ. ಇಂದು ಗಿಟಾರಿಗೆ ಚುಚ್ಚುವ 6.35 ಮಿ.ಮೀ. ಪ್ಲಗ್ಗು ಈ ವಂಶದ್ದೇ.

ಮ್ಯಾಗ್ನೆಟೋ ಬೋರ್ಡಿನ ಕೆಲಸ ಸರಳ, ಮತ್ತು ಓದುಗ ಅದನ್ನು ಒಮ್ಮೆ ಮನಸ್ಸಿನಲ್ಲೇ ನಡೆಸಿನೋಡಿದರೆ ಸವೆತದ ಗುರುತುಗಳು ತಾವಾಗಿ ಅರ್ಥವಾಗುತ್ತವೆ. ಚಂದಾದಾರ ತನ್ನ ಮನೆಯ ಪೆಟ್ಟಿಗೆಯ ಹಿಡಿಯನ್ನು ಗಿರಗಿರ ತಿರುಗಿಸುತ್ತಾನೆ. ಒಳಗಿನ ಲಾಳದಾಕಾರದ ಆಯಸ್ಕಾಂತಗಳ ನಡುವೆ ಸುರುಳಿ ತಿರುಗಿ ವಿದ್ಯುತ್ ಹುಟ್ಟುತ್ತದೆ, ಎಕ್ಸ್‌ಚೇಂಜಿನಲ್ಲಿ ಅವನ ಸಾಲಿನ ಕಾಯಿಲ್ ಒಂದು ಕೊಂಡಿಯನ್ನು ಎತ್ತುತ್ತದೆ, ರೆಪ್ಪೆಯಂಥ ಪುಟ್ಟ ಹಿತ್ತಾಳೆ ಮುಚ್ಚಳ ‘ಟಕ್’ ಎಂದು ಬೀಳುತ್ತದೆ. ಆಪರೇಟರ್ ಹಿಂದಿನ ಸಾಲಿನ ಪ್ಲಗ್ಗನ್ನು ಅವನ ಜ್ಯಾಕಿಗೆ ಚುಚ್ಚಿ, ಕೀಲಿಯನ್ನು ಬಾಗಿಸಿ, ಯಾರು ಬೇಕೆಂದು ಕೇಳುತ್ತಾಳೆ. ಜೊತೆಯ ಮುಂದಿನ ಪ್ಲಗ್ಗನ್ನು ಬೇಕಾದವರ ಜ್ಯಾಕಿಗೆ ಚುಚ್ಚಿ ಗಂಟೆ ಬಾರಿಸುತ್ತಾಳೆ. ಮಾತು ಮುಗಿದ ಮೇಲೆ ಚಂದಾದಾರ ಮತ್ತೆ ಒಂದು ಸುತ್ತು ತಿರುಗಿಸಬೇಕು. ಆಗ ಮುಕ್ತಾಯದ ಮುಚ್ಚಳ ಬೀಳುತ್ತದೆ. ತಿರುಗಿಸಲು ಮರೆತರೆ ಸಾಲು ಕಟ್ಟಿಕೊಂಡೇ ಇರುತ್ತಿತ್ತು. ಮನೆಮನೆಯಲ್ಲೂ ಬ್ಯಾಟರಿ ಬೇಕಾಗಿದ್ದ ಈ ಪದ್ಧತಿಯ ಜಾಗಕ್ಕೆ, ಎಕ್ಸ್‌ಚೇಂಜಿನಲ್ಲೇ ಒಂದು ದೊಡ್ಡ ಬ್ಯಾಟರಿ ಇಟ್ಟು ಎಲ್ಲರಿಗೂ ಕರೆಂಟು ಕೊಡುವ ಸೆಂಟ್ರಲ್ ಬ್ಯಾಟರಿ ಪದ್ಧತಿ 1890ರ ದಶಕದಲ್ಲಿ ಬಂತು. ಅಲ್ಲಿ ರಿಸೀವರ್ ಎತ್ತಿದರೆ ಸಾಕು, ದೀಪ ಹೊತ್ತುತ್ತದೆ. ಕೆಳಗಿಟ್ಟರೆ ಆ ಪ್ಲಗ್ಗು-ಜೋಡಿಯ ದೀಪ ಹೊತ್ತಿ ಮಾತು ಮುಗಿಯಿತೆಂದು ಹೇಳುತ್ತದೆ. ಹೀಗಾಗಿ ಒಂದೇ ಬೋರ್ಡಿನಲ್ಲಿ ಮುಚ್ಚಳಗಳೂ ದೀಪಗಳೂ ಒಟ್ಟಿಗೆ ಕಂಡರೆ ಅದನ್ನು ಯಾರೋ ಕಲಬೆರಕೆ ಮಾಡಿದ್ದಾರೆಂದು ತೀರ್ಮಾನಿಸಬೇಡಿ. ಒಂದು ಪದ್ಧತಿಯಿಂದ ಇನ್ನೊಂದಕ್ಕೆ ದಾಟುತ್ತಿದ್ದ ಊರಿನ ಬೋರ್ಡು ಅದಾಗಿರಬಹುದು.

ಈಗ ಸ್ಲೀವ್‌ಗೆ ಬರುತ್ತೇನೆ. ದೊಡ್ಡ ನಗರದಲ್ಲಿ ಸಾವಿರಾರು ಚಂದಾದಾರರು. ಒಬ್ಬ ಆಪರೇಟರಿನ ಕೈಗೆ ಎಟಕುವಷ್ಟು ಅಗಲದಲ್ಲಿ ಎಲ್ಲರ ಜ್ಯಾಕೂ ಇರಬೇಕು, ಇಲ್ಲದಿದ್ದರೆ ಅವಳು ಯಾರನ್ನು ಯಾರಿಗೆ ಜೋಡಿಸುತ್ತಾಳೆ? ಇದಕ್ಕೆ ಕಂಡುಕೊಂಡ ಉಪಾಯ ಮಲ್ಟಿಪಲ್ ಬೋರ್ಡು: ಪ್ರತಿ ಚಂದಾದಾರನ ಜ್ಯಾಕನ್ನೂ ಕೆಲವು ಅಡಿಗಳಿಗೊಮ್ಮೆ ಬೋರ್ಡಿನ ಉದ್ದಕ್ಕೂ ಮತ್ತೆ ಮತ್ತೆ ಇಡುವುದು. ಆಗ ಹೊಸ ತೊಡಕು ಹುಟ್ಟಿತು. ಎಡಕ್ಕೆ ಇಪ್ಪತ್ತು ಅಡಿ ದೂರದಲ್ಲಿ ಕುಳಿತ ಸಹೋದ್ಯೋಗಿ ಅದೇ ಸಾಲನ್ನು ಆಗಲೇ ಜೋಡಿಸಿದ್ದರೆ ಇವಳಿಗೆ ತಿಳಿಯುವುದು ಹೇಗೆ? ಅವಳು ಪ್ಲಗ್ಗಿನ ಟಿಪ್ಪನ್ನು ಜ್ಯಾಕಿನ ಬಾಯಿಯ ಲೋಹದ ಬಳೆಗೆ ಒಮ್ಮೆ ತಾಗಿಸಿ ನೋಡುತ್ತಾಳೆ. ಸಾಲು ಬೇರೆಡೆ ಜೋಡಣೆಯಾಗಿದ್ದರೆ ಸ್ಲೀವ್ ತಂತಿಯಲ್ಲಿ ವಿದ್ಯುತ್ತಿರುತ್ತದೆ, ಕಿವಿಯಲ್ಲಿ ‘ಕ್ಲಿಕ್’ ಕೇಳಿಸುತ್ತದೆ. ಕ್ಲಿಕ್ ಬಂದರೆ ಎಂಗೇಜು. ನಾವು ಇಂದಿಗೂ ಆಡುವ ‘ಲೈನು ಎಂಗೇಜು’ ಎಂಬ ಮಾತಿನ ಹಿಂದೆ ಈ ತುದಿ-ತಾಗಿಸುವ ಕೆಲಸವಿದೆ.

ಈ ತಾಗಿಸುವಿಕೆ ಗುರುತು ಬಿಡುತ್ತದೆ. ಚುಚ್ಚಿ ಸವೆದ ಜ್ಯಾಕಿನ ಒಳಮೈ ನುಣುಪಾಗಿ ಹೊಳೆಯುತ್ತದೆ. ತಾಗಿಸಿ ಸವೆದದ್ದರ ಗೀರುಗಳು ಹೊರಗಿನ ಅಂಚಿನಲ್ಲಿರುತ್ತವೆ. ಭೂತಗನ್ನಡಿ ಹಿಡಿದು ಸಾಲುಸಾಲಾಗಿ ನೋಡಿದರೆ ಊರಿನ ಯಾವ ಲೈನು ಸದಾ ತುಂಬಿಕೊಂಡಿರುತ್ತಿತ್ತು, ಯಾವುದು ಬಹುತೇಕ ಮೌನವಾಗಿತ್ತು ಎಂಬ ಅಂದಾಜು ಸಿಗುತ್ತದೆ. ಬೋರ್ಡಿನ ಜೊತೆಗೆ ಆ ಕಾಲದ ಡೈರೆಕ್ಟರಿಯೂ ದೊರೆತರೆ ಅಂದಾಜು ಹೆಸರುಗಳಾಗಿ ಮಾರ್ಪಡುತ್ತದೆ: ಆಸ್ಪತ್ರೆ, ಮಂಡಿ, ಪೊಲೀಸ್ ಠಾಣೆ. ಹಿತ್ತಾಳೆ ಪಾಲಿಶ್ ಹಚ್ಚಿ ಬಳೆಗಳನ್ನೆಲ್ಲ ಒಂದೇ ಹೊಳಪಿಗೆ ತಂದ ಬೋರ್ಡಿನಲ್ಲಿ ಇದು ಯಾವುದೂ ಉಳಿಯುವುದಿಲ್ಲ. ನೋಡಲು ಚೆಂದವಾದ, ಏನನ್ನೂ ಹೇಳದ ಬೋರ್ಡು ಅದು.

ಕೈಗಳ ಬಗ್ಗೆಯೂ ಒಂದು ಮಾತು. ಮೊದಮೊದಲು ಈ ಕೆಲಸಕ್ಕೆ ತಂತಿ ಕಚೇರಿಯ ಹುಡುಗರನ್ನೇ ತಂದು ಕೂರಿಸಿದ್ದರು. ಅವರ ಒರಟು ಮಾತಿನ ಬಗ್ಗೆ ದೂರುಗಳು ಬಂದವು. 1878ರ ಸೆಪ್ಟೆಂಬರ್ 1ರಂದು ಬಾಸ್ಟನ್‌ನಲ್ಲಿ ಎಮ್ಮಾ ನಟ್ ಕೆಲಸಕ್ಕೆ ಸೇರಿದಳು. ದಾಖಲೆಯಲ್ಲಿರುವ ಮೊದಲ ಮಹಿಳಾ ಆಪರೇಟರ್ ಆಕೆ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಫ್ರಾನ್ಸಿಗೆ ಕಳಿಸಿದ ಮಹಿಳಾ ಆಪರೇಟರುಗಳಿಗೆ ಮಾಜಿ ಸೈನಿಕರ ಮಾನ್ಯತೆ ಸಿಕ್ಕಿದ್ದು 1977ರಲ್ಲಿ, ಆಗ ಅವರಲ್ಲಿ ಬದುಕಿದ್ದವರು ಕೆಲವರು ಮಾತ್ರ. ಬೋರ್ಡಿನ ಫಲಕದಲ್ಲಿ ತಯಾರಕನ ಹೆಸರಿದೆ, ದುಡಿದವರ ಹೆಸರಿಲ್ಲ. ಪ್ಲಗ್ಗುಗಳ ಕಟ್ಟೆಯ ಅಂಚಿನಲ್ಲಿ ಮಣಿಕಟ್ಟು ಊರಿ ಊರಿ ವಾರ್ನಿಶ್ ಹೋದ ಜಾಗಗಳೇ ಅವರ ಸಹಿ. ಮರಗೆಲಸದವರು ಆ ಜಾಗಗಳನ್ನು ‘ಹಾಳಾಗಿದೆ’ ಎಂದು ಉಜ್ಜಿ ಮತ್ತೆ ಬಣ್ಣ ಹೊಡೆಯುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಭಾರತದ ವಿಚಾರದಲ್ಲಿ ಕಾಲಾನುಕ್ರಮ ಸ್ಪಷ್ಟವಾಗಿದೆ. 1881ರಲ್ಲಿ ಇಂಗ್ಲೆಂಡಿನ ಓರಿಯೆಂಟಲ್ ಟೆಲಿಫೋನ್ ಕಂಪನಿಗೆ ಪರವಾನಗಿ ದೊರೆಯಿತು. ಕಲ್ಕತ್ತಾ, ಬೊಂಬಾಯಿ, ಮದರಾಸುಗಳ ಎಕ್ಸ್‌ಚೇಂಜುಗಳನ್ನು ಗವರ್ನರ್ ಜನರಲ್ ಮಂಡಲಿಯ ಸದಸ್ಯ ಮೇಜರ್ ಇ. ಬೇರಿಂಗ್ ಉದ್ಘಾಟಿಸಿದ್ದು 1882ರ ಜನವರಿ 28ರಂದು. ನ್ಯೂ ಹೇವನ್‌ನ ದಿನಕ್ಕೆ ಸರಿಯಾಗಿ ನಾಲ್ಕು ವರ್ಷ; ಕಾಕತಾಳೀಯವೇ ಇರಬೇಕು, ಆದರೆ ನೆನಪಿಡಲು ಅನುಕೂಲ. ಕಲ್ಕತ್ತಾದ ಕೌನ್ಸಿಲ್ ಹೌಸ್ ಬೀದಿಯ 7ನೇ ನಂಬರಿನ ಕಟ್ಟಡದ ಮೂರನೇ ಅಂತಸ್ತಿನಲ್ಲಿದ್ದ ಆ ಕೇಂದ್ರಕ್ಕೆ 93 ಚಂದಾದಾರರು. 1913–14ರಲ್ಲಿ ಶಿಮ್ಲಾದಲ್ಲಿ 700 ಸಾಲುಗಳ ಮೊದಲ ಸ್ವಯಂಚಾಲಿತ ಎಕ್ಸ್‌ಚೇಂಜ್ ಬಂತು. ಆದರೂ ಕೈಬೋರ್ಡುಗಳು ಹೋಗಲಿಲ್ಲ. ಊರೊಳಗಿನ ಕರೆ ಡಯಲ್ ತಿರುಗಿಸಿದರೆ ಆಗುತ್ತಿತ್ತು, ಪರಊರಿನದಕ್ಕೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತು. ಲಕ್ನೋ ಮತ್ತು ಕಾನ್ಪುರಗಳ ನಡುವೆ ಎಸ್‌ಟಿಡಿ ಶುರುವಾದದ್ದೇ 1960ರಲ್ಲಿ. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ಕರೆಗಳಿಗೆ ಜಾತಿ ಹೇಳಿ ಕಾದು ಕುಳಿತದ್ದು, ‘ಪಿ.ಪಿ. ಕಾಲ್’ ಹಾಕಿ ಪಕ್ಕದ ಮನೆಯವರನ್ನು ಕರೆಸಿದ್ದು ನಮ್ಮ ಹಿರಿಯರ ನೆನಪಿನಲ್ಲಿ ಇನ್ನೂ ಹಸಿಯಾಗಿದೆ. ಆ ನೆನಪುಗಳ ಇನ್ನೊಂದು ತುದಿಯಲ್ಲಿ ಟ್ರಂಕ್ ಬೋರ್ಡು, ಅದರ ಮುಂದೆ ಟಿಕೆಟಿನ ಮೇಲೆ ಹೊತ್ತು ಬರೆದುಕೊಳ್ಳುತ್ತಿದ್ದ ಆಪರೇಟರ್.

ಬೋರ್ಡುಗಳು ಎಷ್ಟು ಕಾಲ ಬಾಳಿದವೆಂಬುದಕ್ಕೆ ಎರಡು ಉದಾಹರಣೆ ಸಾಕು. ಲಂಡನ್ನಿನ ಎನ್‌ಫೀಲ್ಡ್ ಎಕ್ಸ್‌ಚೇಂಜ್ 1925ರಲ್ಲಿ ತೆರೆದು 1960ರವರೆಗೆ ನಡೆಯಿತು. ನಗರದ ಕೊನೆಯ ಕೈಬೋರ್ಡಾದ ಅದರ ಒಂದು ಭಾಗ ಈಗ ಅಲ್ಲಿನ ವಿಜ್ಞಾನ ಸಂಗ್ರಹಾಲಯದಲ್ಲಿದೆ. ಅಮೆರಿಕದ ಮೇನ್ ಸಂಸ್ಥಾನದ ಬ್ರಯಂಟ್ ಪಾಂಡ್ ಎಂಬ ಹಳ್ಳಿಯಲ್ಲಿ ಹಿಡಿ ತಿರುಗಿಸುವ ಮ್ಯಾಗ್ನೆಟೋ ಪದ್ಧತಿ 1983ರವರೆಗೂ ಇತ್ತು. ಅಲ್ಲಿಂದ ಮೂರೇ ವರ್ಷಕ್ಕೆ, 1986ರಲ್ಲಿ, ಭಾರತ ಸರ್ಕಾರದ ಸಿ-ಡಾಟ್ ಸಂಸ್ಥೆ ರೂಪಿಸಿದ 128 ಸಾಲಿನ ಗ್ರಾಮೀಣ ಡಿಜಿಟಲ್ ಎಕ್ಸ್‌ಚೇಂಜ್ ನಮ್ಮ ಕಿತ್ತೂರಿನಲ್ಲಿ ಕೆಲಸ ಆರಂಭಿಸಿತು.

ಬೆಂಗಳೂರಿಗೆ ಈ ಚರಿತ್ರೆಯಲ್ಲಿ ನೇರ ಪಾಲಿದೆ. 1948ರಲ್ಲಿ ಸ್ಥಾಪನೆಯಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಅಂದರೆ ನಾವೆಲ್ಲ ಐಟಿಐ ಎಂದು ಕರೆಯುವ ಕಾರ್ಖಾನೆ, ಲಿವರ್‌ಪೂಲಿನ ಆಟೋಮ್ಯಾಟಿಕ್ ಟೆಲಿಫೋನ್ ಅಂಡ್ ಎಲೆಕ್ಟ್ರಿಕ್ ಕಂಪನಿಯ ಸಹಕಾರದಿಂದ ಬೆಳೆಯಿತು. ಅದರ ಸುತ್ತ ಬೆಳೆದ ಬಡಾವಣೆಗೆ ದೂರವಾಣಿನಗರ ಎಂದೇ ಹೆಸರಾಯಿತು. ವಿದೇಶಿ ಪೆಟ್ಟಿಗೆಯೊಳಗೆ ದೇಶೀ ಭಾಗಗಳು ಸೇರಿಕೊಂಡಿರುವ ಬೋರ್ಡುಗಳನ್ನು ನೋಡಿ ಸಂಗ್ರಾಹಕರು ಮೂಗು ಮುರಿಯುತ್ತಾರೆ. ನನ್ನ ದೃಷ್ಟಿಯಲ್ಲಿ ಅಂಥ ಬೋರ್ಡೇ ಹೆಚ್ಚು ಬೆಲೆಯುಳ್ಳದ್ದು: ಆಮದು ನಿಂತು ಸ್ವಂತ ತಯಾರಿಕೆ ಶುರುವಾದ ಹೊತ್ತು ಅದರ ಹೊಟ್ಟೆಯೊಳಗೆ ದಾಖಲಾಗಿದೆ.

ಆ ಹೊಟ್ಟೆಯನ್ನು ಓದುವ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೊದಲ ಸಾಕ್ಷಿ ಸ್ಕ್ರೂ. ಬ್ರಿಟಿಷ್ ಟೆಲಿಫೋನ್ ಉಪಕರಣಗಳಲ್ಲಿ ಬಳಕೆಯಾದದ್ದು 1884ರಲ್ಲಿ ಬ್ರಿಟಿಷ್ ಅಸೋಸಿಯೇಷನ್ ಶಿಫಾರಸು ಮಾಡಿದ ಬಿಎ ಎಳೆ. ಅದರ ಕೋನ 47.5 ಡಿಗ್ರಿ, ಇಂದಿನ ಮೆಟ್ರಿಕ್ ಎಳೆಯದು 60. 2 ಬಿಎ ಸ್ಕ್ರೂವಿನ ವ್ಯಾಸ 4.7 ಮಿ.ಮೀ., ಎಳೆಯಿಂದ ಎಳೆಗೆ 0.81 ಮಿ.ಮೀ. ಇಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಎಂ5 ಸ್ಕ್ರೂವಿನ ಎಳೆಯಂತರ 0.8. ಇಷ್ಟು ಹತ್ತಿರವಿರುವುದೇ ಅಪಾಯ: ಬಿಗಿಯಾಗಿ ತಿರುಗಿಸಿದರೆ ಎಂ5 ಒಳಗೆ ಹೋಗುತ್ತದೆ, ಹೋಗುತ್ತ ಹಿತ್ತಾಳೆಯ ಹಳೆಯ ಎಳೆಯನ್ನು ಕೊರೆದುಬಿಡುತ್ತದೆ. ಹಾಗೆ ಕೊರೆದ ರಂಧ್ರ ಕಂಡರೆ ಅಲ್ಲಿ ಈಚಿನ ಕೈಯೊಂದು ಆಡಿದೆ ಎಂದರ್ಥ. ಎರಡನೆಯದು ತಂತಿಯ ಹೊದಿಕೆ. ರೇಷ್ಮೆ ಅಥವಾ ಹತ್ತಿ ಸುತ್ತಿ ಮೇಣ ಬಳಿದದ್ದು ಹಳೆಯದು. ಪಿವಿಸಿ ಹೊದಿಕೆ ಎರಡನೆಯ ಮಹಾಯುದ್ಧದ ನಂತರದ್ದು. ತಂತಿಗಳ ಕಟ್ಟನ್ನು ಮೇಣದ ದಾರದಿಂದ ಗಂಟುಗಂಟಾಗಿ ಹೆಣೆದಿರುತ್ತಾರೆ. ಆ ಹೆಣಿಗೆಯಲ್ಲಿ ಒಂದು ಕಡೆ ಗಂಟಿನ ಬಗೆ ಬದಲಾಗಿದ್ದರೆ ಅಲ್ಲಿ ಕಟ್ಟನ್ನು ಬಿಚ್ಚಿ ಹೊಸ ಸಾಲು ಸೇರಿಸಿದ್ದಾರೆ. ಹೊಸ ಚಂದಾದಾರ ಬಂದದ್ದಕ್ಕೆ ಅದಕ್ಕಿಂತ ನಂಬುವಂಥ ಪುರಾವೆ ಬೋರ್ಡಿನಲ್ಲಿ ಬೇರೆ ಇಲ್ಲ. ಆದ್ದರಿಂದ ಹೆಣಿಗೆಯನ್ನು ಕತ್ತರಿಸುವ ಮೊದಲು ಫೋಟೋ ತೆಗೆಯಬೇಕು, ಪ್ರತಿ ತಂತಿಗೂ ಚೀಟಿ ಕಟ್ಟಬೇಕು, ಕತ್ತರಿಸಿದ ದಾರವನ್ನೂ ಇಟ್ಟುಕೊಳ್ಳಬೇಕು.

ದುರಸ್ತಿಯ ಬಗ್ಗೆ ಕೈಗೆ ಬಂದಷ್ಟು. ಎಬೊನೈಟ್ ಭಾಗಗಳು ಗಂಧಕ ಬೆರೆಸಿ ಗಟ್ಟಿ ಮಾಡಿದ ರಬ್ಬರು. ಬೆಳಕಿಗೆ ಬಿಟ್ಟರೆ ಕಪ್ಪು ಹೋಗಿ ಕಂದು-ಹಸಿರಾಗುತ್ತವೆ, ಮೇಲ್ಮೈಯಲ್ಲಿ ಆಮ್ಲ ಹುಟ್ಟುತ್ತದೆ. ಬಣ್ಣಗೆಟ್ಟವನ್ನು ನೀರಿನಲ್ಲಿ ತೊಳೆದರೆ ಇನ್ನೂ ಕೆಡುತ್ತವೆ. ಮರದ ಮೇಲಿನ ಹೊಳಪು ಬಹಳ ಕಡೆ ಅರಗಿನದು. ಆ ಅರಗು ಹೆಚ್ಚಾಗಿ ನಮ್ಮ ದೇಶದಿಂದಲೇ ಹಡಗು ಹತ್ತಿ ಹೋದದ್ದು. ಸ್ಪಿರಿಟ್ ತಾಗಿದರೆ ಅದೂ ಕರಗುತ್ತದೆ. ಜ್ಯಾಕಿನ ಸ್ಪ್ರಿಂಗುಗಳ ಸಂಪರ್ಕದ ತುದಿಗಳಿಗೆ ಉಪ್ಪುಕಾಗದ ಬೇಡ. ಅಲ್ಲಿ ತೆಳುವಾಗಿ ಕೂರಿಸಿದ ಬೆಲೆಬಾಳುವ ಲೋಹ ಹೋದರೆ ಮತ್ತೆ ಬರುವುದಿಲ್ಲ. ಸತ್ತ ಕಾಯಿಲನ್ನು ಮತ್ತೆ ಸುತ್ತಿಸುವ ಮೊದಲು ತಂತಿ ಬೆಸುಗೆಗೆ ಸೇರುವ ಜಾಗ ನೋಡಿ, ಎಷ್ಟೋ ಸಲ ತುಕ್ಕು ಹಿಡಿದು ತುಂಡಾಗಿರುವುದು ಅಲ್ಲೇ. ಬ್ರಿಟಿಷ್ ಅಂಚೆ ಇಲಾಖೆಯ 316ನೇ ನಮೂನೆಯ ಪ್ಲಗ್ಗಿಗಾಗಿ ಮಾಡಿದ ಜ್ಯಾಕಿಗೆ ಸಂಗೀತದ ಅಂಗಡಿಯ 6.35 ಮಿ.ಮೀ. ಪ್ಲಗ್ಗನ್ನು ಚುಚ್ಚಬಾರದು. ಅಳತೆ ಒಂದೇ ಎನಿಸಿದರೂ ತುದಿಯ ಆಕಾರ ಬೇರೆ, ಸ್ಪ್ರಿಂಗು ಬಾಗಿಹೋಗುತ್ತದೆ. ಪ್ಲಗ್ಗಿನ ಹಳೆಯ ವೈರುಗಳೊಳಗೆ ಇರುವುದು ದಾರಕ್ಕೆ ಸುತ್ತಿದ ತೆಳು ತಾಮ್ರದ ಪಟ್ಟಿ. ನೇತುಹಾಕಿದ ಭಾರದ ಎಳೆತಕ್ಕೆ ಲಕ್ಷಾಂತರ ಸಲ ಬಾಗಿಯೂ ಮುರಿಯದಿರಲೆಂದು ಮಾಡಿದ್ದು. ಇವು ಸತ್ತಾಗ ಹೊಸವನ್ನು ಹಾಕಲೇಬೇಕಾದೀತು. ಹಳೆಯವನ್ನು ಬುಡದಲ್ಲಿ ಗುರುತು ಕಟ್ಟಿ ಪೆಟ್ಟಿಗೆಯಲ್ಲಿಡಿ. ಗಂಟೆ ಬಾರಿಸುವ ವಿದ್ಯುತ್ತು ಸುಮಾರು 75ರಿಂದ 100 ವೋಲ್ಟ್ ಇರುತ್ತದೆ, ಆಟದ ವಿಷಯವಲ್ಲ. ಬೋರ್ಡಿಗೆ ಜೀವ ಕೊಡುವಾಗ ಫ್ಯೂಸಿರುವ, ಕರೆಂಟಿಗೆ ಮಿತಿ ಹಾಕಬಲ್ಲ ಪವರ್ ಸಪ್ಲೈ ಇರಲಿ.

ನಾನು ಹಾಳುಮಾಡಿದ ಆ ಹೆಸರುಪಟ್ಟಿಗೆ ಮರಳುತ್ತೇನೆ. ಬಣ್ಣ ಹೋಗಿತ್ತು, ಆದರೆ ಬರೆದವರು ಪೆನ್ಸಿಲನ್ನು ಒತ್ತಿ ಬರೆದಿದ್ದರು. ಸವೆದ ಶಾಸನವನ್ನು ಇಳಿಬಿಸಿಲಿನಲ್ಲಿ ಓದುವಂತೆ, ಕತ್ತಲೆ ಕೋಣೆಯಲ್ಲಿ ಪಟ್ಟಿಯ ಪಕ್ಕಕ್ಕೆ ಟಾರ್ಚನ್ನು ಮಲಗಿಸಿ ಹಿಡಿದಾಗ ತಗ್ಗುಗಳು ನೆರಳಾಗಿ ಎದ್ದವು. ಹತ್ತು ಸಾಲುಗಳಲ್ಲಿ ಮೂರು ಅಂಕಿಗಳು ಸ್ಪಷ್ಟವಾಗಿ ಸಿಕ್ಕವು. ಏಳನೆಯ ಜ್ಯಾಕಿನ ಮೇಲೆ ಇಂಗ್ಲಿಷಿನ ‘ಡಾ’ ಮತ್ತು ಒಂದು ಚುಕ್ಕೆ, ಅದರ ಮುಂದೆ ಓದಲಾಗದ ಒಂದು ಹೆಸರು. ಆ ಜ್ಯಾಕಿನ ಬಳೆ ಉಳಿದ ಒಂಬತ್ತಕ್ಕಿಂತ ಹೆಚ್ಚು ಸವೆದಿದೆ.